ಸಿಎನ್‌ಸಿ ಶಿಕ್ಷಣ: ಸಂಕೇತ ಕಲಿತರೆ ಸಾಕೇ?

ಯಂತ್ರೋಪಕರಣ ಉದ್ಯಮಕ್ಕೂ ಬೆಂಗಳೂರಿಗೂ ಹಳೆಯ ನಂಟು. ಎಚ್‌ಎಂಟಿ ಇಲ್ಲಿ ಆರಂಭವಾದದ್ದು 1953ರಲ್ಲಿ. ಸಿಎಂಟಿಐ ಸಂಶೋಧನಾ ಸಂಸ್ಥೆ ಬಂದದ್ದು 1962ರಲ್ಲಿ. ಈಗ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲೂ ಗಣಕ ನಿಯಂತ್ರಿತ, ಅಂದರೆ ಸಿಎನ್‌ಸಿ ಲೇತ್‌ಗಳು ಓಡುತ್ತಿವೆ. ಅವುಗಳಲ್ಲಿ ಕೆಲಸ ಸಿಗಲೆಂದು ಸಾವಿರಾರು ಮಕ್ಕಳು ಐಟಿಐ ಮತ್ತು ಡಿಪ್ಲೊಮಾ ಕಾಲೇಜು ಸೇರುತ್ತಾರೆ. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳನ್ನು 4,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲಾಯಿತು. ಯಂತ್ರಗಳೇನೋ ಬರುತ್ತಿವೆ. ಅವುಗಳ ಮೇಲೆ ನಾವು ಏನನ್ನು ಕಲಿಸುತ್ತಿದ್ದೇವೆ?

ಭೌತವಿಜ್ಞಾನದ ಅಧ್ಯಾಪಕನಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಲೋಹವನ್ನು ಕತ್ತರಿಸುವಾಗ ನಡೆಯುವುದೆಲ್ಲ ಬಲ, ಉಷ್ಣ, ಬಾಗುವಿಕೆ ಮತ್ತು ಕಂಪನ. ನಮ್ಮ ತರಗತಿಗಳಲ್ಲಿ ಕಾಣೆಯಾಗಿರುವುದೂ ಅದೇ.

ಸಿಎನ್‌ಸಿ ಯಂತ್ರಕ್ಕೆ ಆಜ್ಞೆಗಳನ್ನು 'ಜಿ' ಮತ್ತು 'ಎಂ' ಸಂಕೇತಗಳ ಮೂಲಕ ಕೊಡುತ್ತಾರೆ. ಪರೀಕ್ಷೆಯಲ್ಲಿ ಹೆಚ್ಚಾಗಿ ಕೇಳುವುದು ಈ ಸಂಕೇತಗಳ ಅರ್ಥವನ್ನು, ಇಲ್ಲವೇ ಒಂದು ಚಿತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು. ಬರೆದದ್ದು ಗಣಕದ ಪರದೆಯ ಮೇಲೆ ಸರಿಯಾಗಿ ಓಡಿದರೆ ಅಂಕ ಸಿಕ್ಕಿತು. ಆದರೆ ಪರದೆಯ ಮೇಲೆ ಉಳಿ ಬಾಗುವುದಿಲ್ಲ, ಲೋಹ ಕಾಯುವುದಿಲ್ಲ, ಅಂಚು ಸವೆಯುವುದಿಲ್ಲ. ಮೂರು ಉದಾಹರಣೆಗಳನ್ನು ನೋಡಿ.

ಮೊದಲನೆಯದು ಜಿ96. ಕತ್ತರಿಸುವ ಸ್ಥಳದಲ್ಲಿ ಮೇಲ್ಮೈ ವೇಗವನ್ನು ಸ್ಥಿರವಾಗಿಡುವ ಆಜ್ಞೆ ಇದು. ನಿಮಿಷಕ್ಕೆ 180 ಮೀಟರ್ ವೇಗ ಬೇಕೆಂದರೆ 60 ಮಿಲಿಮೀಟರ್ ವ್ಯಾಸದಲ್ಲಿ ನಿಮಿಷಕ್ಕೆ ಸುಮಾರು 955 ಸುತ್ತು ಸಾಕು. ಉಳಿ ಕೇಂದ್ರದತ್ತ ಸರಿದು ವ್ಯಾಸ 6 ಮಿಲಿಮೀಟರ್ ಆದಾಗ ಸುಮಾರು 9,550 ಸುತ್ತು ಬೇಕು. ಕೇಂದ್ರದಲ್ಲಂತೂ ಲೆಕ್ಕ ಅನಂತಕ್ಕೆ ಹೋಗುತ್ತದೆ! ಯಂತ್ರ ತನ್ನ ಗರಿಷ್ಠ ವೇಗಕ್ಕೆ ಏರುತ್ತದೆ. ಚಕ್ಕಿನ ದವಡೆಗಳ ಮೇಲಿನ ಅಪಕೇಂದ್ರ ಬಲ ವೇಗದ ವರ್ಗಕ್ಕೆ ಅನುಗುಣ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು. ಹೊರಗಿನಿಂದ ಒತ್ತಿ ಹಿಡಿದಿರುವ ದವಡೆಗಳ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗಿ, ತುಂಡು ಸಿಡಿಯಬಹುದು. ಆದ್ದರಿಂದಲೇ ಫನುಕ್ ಮಾದರಿಯ ಹಲವು ಲೇತ್‌ಗಳಲ್ಲಿ ಜಿ50 ಆಜ್ಞೆಯಿಂದ ವೇಗಕ್ಕೆ ಮಿತಿ ಹಾಕುವುದು. ಜಿ50 ಎಂದರೇನು ಎಂದು ಕೇಳಿದರೆ ವಿದ್ಯಾರ್ಥಿ ಥಟ್ಟನೆ ಹೇಳುತ್ತಾನೆ. ಏಕೆ ಎಂದರೆ ತಡವರಿಸುತ್ತಾನೆ. ಅವನ ಜೀವ ನಿಂತಿರುವುದು ಈ 'ಏಕೆ'ಯ ಮೇಲೆ.

ಎರಡನೆಯದು ಉಷ್ಣ. 200 ಮಿಲಿಮೀಟರ್ ವ್ಯಾಸದ ರಂಧ್ರಕ್ಕೆ ಎಚ್7 ದರ್ಜೆಯಲ್ಲಿ ಅನುಮತಿಸಿದ ವ್ಯತ್ಯಾಸ 0.046 ಮಿಲಿಮೀಟರ್ ಮಾತ್ರ. ಅಲ್ಯೂಮಿನಿಯಂ ತುಂಡು ಅಳತೆಯ ಉಪಕರಣಕ್ಕಿಂತ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿದ್ದರೆ, ಆ ವ್ಯಾಸ ಹಿಗ್ಗುವುದೂ ಸುಮಾರು 0.046 ಮಿಲಿಮೀಟರ್. ಅಂದರೆ ಯಂತ್ರದಿಂದ ತೆಗೆದ ಕೂಡಲೇ ಅಳೆದಾಗ 'ಸರಿ' ಎನಿಸಿದ ತುಂಡು ತಣಿದ ಮೇಲೆ ತಿರಸ್ಕೃತವಾಗಬಹುದು. ಪ್ರೋಗ್ರಾಂನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

ಮೂರನೆಯದು ಬಾಗುವಿಕೆ. ಒಂದು ತುದಿಯಲ್ಲಿ ಬಿಗಿದ ಸರಳು ಎಷ್ಟು ಬಾಗುತ್ತದೆಂಬುದು ಚಾಚಿದ ಉದ್ದದ ಘನಕ್ಕೆ ಅನುಗುಣ. ರಂಧ್ರ ಕೊರೆಯುವ ಸರಳನ್ನು ಎರಡರಷ್ಟು ಹೊರಚಾಚಿದರೆ ಬಾಗು ಎಂಟು ಪಟ್ಟು. ಈ ಪ್ರಯೋಗವನ್ನು ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಮೀಟರ್ ಪಟ್ಟಿಯಿಂದ ಮಾಡಿಸುತ್ತೇವೆ. ಪಕ್ಕದ ಕಟ್ಟಡದ ಲೇತ್‌ಗೂ ಅದಕ್ಕೂ ಸಂಬಂಧವಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಈ ತಪ್ಪಿನಲ್ಲಿ ನಮ್ಮ ವಿಭಾಗಗಳ ಪಾಲೂ ಇದೆ.

ಸಂಕೇತಗಳು ಬೇಡವೆಂದು ನಾನು ಹೇಳುತ್ತಿಲ್ಲ. ಓದಲು ಬಾರದವನು ಯಂತ್ರದ ಮುಂದೆ ನಿಲ್ಲಬಾರದು. ಆದರೆ ಇಂದು ಸಂಕೇತಗಳನ್ನು ಬಹುಪಾಲು ಕ್ಯಾಮ್ ತಂತ್ರಾಂಶವೇ ಬರೆದುಕೊಡುತ್ತದೆ. ತಂತ್ರಾಂಶ ಮಾಡಬಲ್ಲದ್ದನ್ನೇ ಮೂರು ವರ್ಷ ಕಂಠಪಾಠ ಮಾಡಿಸಿದರೆ, ಹುಡುಗ ತುಂಡು ಹಾಕಿ ಗುಂಡಿ ಒತ್ತುವ ಕೆಲಸದಲ್ಲೇ ಉಳಿಯುತ್ತಾನೆ. ಕಾರ್ಖಾನೆ ಒಳ್ಳೆಯ ಸಂಬಳ ಕೊಡುವುದು ತುಂಡು ಏಕೆ ಕೆಟ್ಟಿತೆಂದು ಹೇಳಬಲ್ಲವನಿಗೆ.

ದಾರಿ ಹೊಸದೇನಲ್ಲ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿಯ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಎಲ್ಲ ಕಾಲೇಜುಗಳಿಗೂ ಇದು ಸಾಧ್ಯವಾಗಲಿಕ್ಕಿಲ್ಲ. ಆದರೆ ಪ್ರಾಯೋಗಿಕ ಪರೀಕ್ಷೆಯ ಅರ್ಧ ಅಂಕಗಳನ್ನು, ವಿದ್ಯಾರ್ಥಿ ತಾನೇ ಕತ್ತರಿಸಿ, ತಣಿಸಿ, ಅಳೆದ ತುಂಡಿಗೂ ಅದರ ದೋಷಕ್ಕೆ ಅವನು ಕೊಡುವ ಕಾರಣಕ್ಕೂ ಮೀಸಲಿಡಬಹುದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಒಂದು ಮೈಕ್ರೋಮೀಟರ್, ಒಂದು ಉಷ್ಣತಾಮಾಪಕ, ಒಂದು ದಾಖಲೆ ಪುಸ್ತಕ ಸಾಕು.

ನಿಮ್ಮ ಮಗನನ್ನೋ ಮಗಳನ್ನೋ ಇಂಥ ಕಾಲೇಜಿಗೆ ಸೇರಿಸುವ ಮುನ್ನ ಎಷ್ಟು ಯಂತ್ರಗಳಿವೆ ಎಂದಷ್ಟೇ ಕೇಳಬೇಡಿ. ವರ್ಷಕ್ಕೆ ಪ್ರತಿ ವಿದ್ಯಾರ್ಥಿ ಎಷ್ಟು ತುಂಡುಗಳನ್ನು ತಾನೇ ಕತ್ತರಿಸುತ್ತಾನೆ, ಕೆಟ್ಟ ತುಂಡುಗಳನ್ನು ಏನು ಮಾಡುತ್ತಾರೆ ಎಂದೂ ಕೇಳಿ. ಕೆಟ್ಟ ತುಂಡೇ ಇಲ್ಲ ಎನ್ನುವ ಕಾಲೇಜಿನಲ್ಲಿ ಯಂತ್ರಕ್ಕೆ ಹೊದಿಸಿದ ಮುಸುಕು ಇನ್ನೂ ತೆಗೆದಿಲ್ಲ ಎಂದೇ ತಿಳಿಯಿರಿ.