ಹದಿನಾರು ಸಾಲುಗಳ ಚೌಕದಲ್ಲಿ ಕನ್ನಡ ಅಕ್ಷರ: ಗ್ನೂ ಯೂನಿಫಾಂಟ್ - ಒಂದು ವಿಮರ್ಶೆ

ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗೆ ಅಕ್ಷರದ ಆಕೃತಿಯೇ ಮೊದಲ ಸಾಕ್ಷಿ. ಅರ್ಥ, ವ್ಯಾಕರಣ, ಛಂದಸ್ಸುಗಳು ಅನಂತರ ನುಡಿಯುವ ಸಾಕ್ಷಿಗಳು. ಓಲೆಯ ಮೇಲೆ ಒಂದು ಸೀಳು, ಒಂದು ಚುಕ್ಕಿ, ಒಂದು ಕೊಂಬು ಇದೆಯೇ ಇಲ್ಲವೇ ಎಂಬುದು ನಿಶ್ಚಯವಾದ ಮೇಲೆಯೇ ಉಳಿದ ವಿಚಾರಗಳಿಗೆ ಪ್ರವೇಶ ದೊರೆಯುತ್ತದೆ. ಇಂದು ಪ್ರತಿ ಮಾಡುವ, ಪಾಠಾಂತರಗಳನ್ನು ಗುರುತಿಸುವ, ಪದಸೂಚಿ ಸಿದ್ಧಪಡಿಸುವ ಕೆಲಸಗಳು ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆ ನಡೆಯುತ್ತಿರುವುದರಿಂದ, ಆ ಪರದೆಯ ಅಕ್ಷರವೂ ಸಾಕ್ಷಿಯ ಸ್ಥಾನಕ್ಕೆ ಬಂದಿದೆ. ಆದುದರಿಂದ ಅದನ್ನೂ ಓಲೆಯಷ್ಟೇ ನಿಷ್ಠುರವಾಗಿ ಪರೀಕ್ಷಿಸುವುದು ಅಗತ್ಯ.

ಇಂತಹ ಪರೀಕ್ಷೆಗೆ ಗ್ನೂ ಯೂನಿಫಾಂಟ್ ತಕ್ಕ ವಸ್ತು. ೧೯೯೮ರಲ್ಲಿ ರೋಮನ್ ಚಿಬೋರಾ ಅವರು ಆರಂಭಿಸಿದ, ಅನಂತರ ಪಾಲ್ ಹಾರ್ಡಿಯವರು ಮುಂದುವರಿಸಿ ವಿಸ್ತರಿಸಿದ ಈ ಫಾಂಟು ಬಿಟ್‌ಮ್ಯಾಪ್ ಜಾತಿಯದು. ಅಂದರೆ ಇದರಲ್ಲಿ ಅಕ್ಷರದ ಅಂಚನ್ನು ವಕ್ರರೇಖೆಗಳಿಂದ ವರ್ಣಿಸಿಲ್ಲ. ಚೌಕಮನೆಗಳ ಹಾಸಿನಲ್ಲಿ ಯಾವ ಮನೆ ಕಪ್ಪು, ಯಾವುದು ಬಿಳಿ ಎಂಬುದನ್ನು ನೇರವಾಗಿ ನಮೂದಿಸಿದೆ. ಎತ್ತರ ೧೬ ಸಾಲು. ಅಗಲ ೮ ಅಥವಾ ೧೬ ಮನೆ. ಹೀಗೆ ಒಂದು ಅಕ್ಷರಕ್ಕೆ ಹೆಚ್ಚೆಂದರೆ ೨೫೬ ಚುಕ್ಕಿಗಳ ಅವಕಾಶ. ಇಡೀ ಆಕೃತಿಯನ್ನು ಸಂಕೇತಸಂಖ್ಯೆಯ ಮುಂದೆ ೩೨ ಅಥವಾ ೬೪ ಹದಿನಾರ್ಮಾನದ ಅಂಕಿಗಳ ಒಂದೇ ಪಂಕ್ತಿಯಾಗಿ ಬರೆದಿಡಲಾಗಿದೆ. ಈ ಪಾರದರ್ಶಕತೆ ಪ್ರಶಂಸನೀಯ. ಯಾವ ಚುಕ್ಕಿ ಎಲ್ಲಿದೆಯೆಂಬುದನ್ನು ಯಾರಾದರೂ ಎಣಿಸಬಹುದು. ತಪ್ಪಿದ್ದರೆ ಸಾಮಾನ್ಯ ಬರವಣಿಗೆಯ ತಂತ್ರಾಂಶದಲ್ಲಿಯೇ ತಿದ್ದಬಹುದು.

೧

ಮೊದಲನೆಯ ಆಕ್ಷೇಪ ‘ಕೂಡುಚಿಹ್ನೆ’ ಎಂಬ ಕಲ್ಪನೆಗೇ ಸಂಬಂಧಿಸಿದ್ದು. ಪ್ರಾಕೃತ ಗ್ರಂಥಗಳ ರೋಮನ್ ಲಿಪ್ಯಂತರಗಳನ್ನು ಬಲ್ಲವರಿಗೆ ಆ ಲಿಪಿಯ ಕ್ರಮ ಪರಿಚಿತವಾದುದು. ಸ್ವರದ ಮೇಲೆ ಅಡ್ಡಗೆರೆಯನ್ನು ಇಟ್ಟರೆ ದೀರ್ಘ; ವ್ಯಂಜನದ ಕೆಳಗೆ ಚುಕ್ಕಿಯನ್ನು ಇಟ್ಟರೆ ಮೂರ್ಧನ್ಯ. ಎರಡು ಸಂದರ್ಭಗಳಲ್ಲಿಯೂ ಮೂಲಾಕ್ಷರ ಹಾಗೆಯೇ ಉಳಿಯುತ್ತದೆ. ಅಲ್ಲಿ ಮೂಲಾಕ್ಷರದ ಚಿತ್ರ ಒಂದು, ಚಿಹ್ನೆಯ ಚಿತ್ರ ಇನ್ನೊಂದು. ಒಂದರ ಮೇಲೆ ಒಂದನ್ನು ಹೊಂದಿಸಿದರೆ ಕಾರ್ಯ ಮುಗಿಯಿತು.

ಕನ್ನಡದ ಗುಣಿತಾಕ್ಷರ ಈ ರೀತಿಯದಲ್ಲ. ಕ ಎಂಬ ವ್ಯಂಜನಕ್ಕೆ ಗುಡಿಸು ಸೇರಿ ಕಿ ಆಗುವಾಗ ತಲೆಕಟ್ಟು ಉಳಿಯುವುದಿಲ್ಲ. ಗುಡಿಸು ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಕೆ ಎಂಬಲ್ಲಿಯೂ ಹಾಗೆಯೇ. ಕಾ ಎಂಬಲ್ಲಿ ತಲೆಕಟ್ಟೇ ಬಲಕ್ಕೆ ಚಾಚಿ ಇಳಿಯಾಗಿ ಬಾಗುತ್ತದೆ. ಕು ಎಂಬಲ್ಲಿ ಮಾತ್ರ ತಲೆಕಟ್ಟು ಉಳಿದು ಕೊಂಬು ಪಕ್ಕದಲ್ಲಿ ಸೇರುತ್ತದೆ. ಬ, ಲ, ಜ, ಣ ಮೊದಲಾದವಕ್ಕೆ ತಲೆಕಟ್ಟೇ ಇಲ್ಲದಿರುವುದರಿಂದ ಅವುಗಳಲ್ಲಿ ಸ್ವರಚಿಹ್ನೆ ನೆಲೆಗೊಳ್ಳುವ ಸ್ಥಾನವೇ ಬೇರೆ. ಆದುದರಿಂದ ಕನ್ನಡದಲ್ಲಿ ಚಿಹ್ನೆ ಕೂಡುವುದೆಂದರೆ ಬಹುಮಟ್ಟಿಗೆ ಮೂಲಾಕ್ಷರದ ಒಂದು ಅಂಗ ಮಾರ್ಪಡುವುದೆಂದೇ ಅರ್ಥ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ರೋಮನ್ ಲಿಪಿಯ ಚಿಹ್ನೆ ಆಗಮದಂತೆ. ಕನ್ನಡದ ಸ್ವರಚಿಹ್ನೆ ಆದೇಶದಂತೆ.

ಯೂನಿಫಾಂಟಿನ ಮೂಲನಿಯಮ ಒಂದು ಸಂಕೇತಕ್ಕೆ ಒಂದೇ ಆಕೃತಿ. ಈ ನಿಯಮದಲ್ಲಿ ಆಗಮಕ್ಕೆ ಎಡೆಯುಂಟು, ಆದೇಶಕ್ಕೆ ಇಲ್ಲ. ತಲೆಕಟ್ಟುಳ್ಳ ಕ ಎಂಬ ಚಿತ್ರ ಒಂದೇ ಇರುವಾಗ ಅದನ್ನು ತೆಗೆದ ರೂಪ ಎಲ್ಲಿಂದ ಬರಬೇಕು? ಫಾಂಟಿನ ಕರ್ತೃಗಳು ಈ ಮಿತಿಯನ್ನು ಮರೆಮಾಚಿಲ್ಲ. ವ್ಯಂಜನಸಂಯೋಗವೂ ತೇಲುವ ಸ್ವರಚಿಹ್ನೆಗಳೂ ಉಳ್ಳ ಭಾರತೀಯ ಲಿಪಿಗಳು ಇದರಲ್ಲಿ ಚೆನ್ನಾಗಿ ಮೂಡುವುದಿಲ್ಲವೆಂದೂ, ಅಂತಹ ಲಿಪಿಗಳಿಗೆ ಇದು ಬೇರೆ ಯಾವ ಫಾಂಟೂ ದೊರೆಯದಾಗ ಬಳಸತಕ್ಕ ಕೊನೆಯ ಆಶ್ರಯವೆಂದೂ ಅವರೇ ತಿಳಿಸಿದ್ದಾರೆ. ಆದುದರಿಂದ ದೋಷವನ್ನು ಎತ್ತಿ ತೋರಿಸುವುದಷ್ಟೇ ವಿಮರ್ಶೆಯಾಗಲಾರದು. ಆ ದೋಷದಿಂದ ಪಾಠಕ್ಕೆ ಎಷ್ಟು ಹಾನಿ, ಯಾವ ಬಗೆಯ ಹಾನಿ ಎಂಬುದನ್ನು ಅಳೆಯಬೇಕಾಗಿದೆ.

೨

ಹಾನಿಯ ಪ್ರಮಾಣವನ್ನು ತಿಳಿಯಲು ಒತ್ತಕ್ಷರವನ್ನು ಪರಿಶೀಲಿಸುವುದು ಉಚಿತ. ಕನ್ನಡದ ಸಂಯುಕ್ತಾಕ್ಷರದಲ್ಲಿ ಎರಡನೆಯ ವ್ಯಂಜನ ಮೊದಲನೆಯದರ ಕೆಳಗೆ ಇಳಿಯುತ್ತದೆ. ತ, ನ, ಮ, ಯ, ರ, ಲಗಳ ಒತ್ತುಗಳು ಮೂಲರೂಪಕ್ಕಿಂತ ಬೇರೆಯಾಗಿವೆ. ಉಳಿದವು ಹೆಚ್ಚಾಗಿ ತಲೆಕಟ್ಟು ಕಳೆದುಕೊಂಡ ಕಿರಿಯ ರೂಪಗಳು. ಸಮ್ಯಕ್ತ್ವ ಎಂಬಲ್ಲಿ ಕಕಾರದಡಿ ತಕಾರ ವಕಾರಗಳೆರಡೂ ನಿಲ್ಲಬೇಕು. ತೀರ್ಥಂಕರ ಎಂಬಲ್ಲಿ ಅರ್ಕಾವತ್ತು ಬಲಕ್ಕೆ ಸರಿಯುತ್ತದೆ.

ಈಗ ಸಿದ್ಧ ಎಂಬ ಪದದ ದ್ಧ ಎಂಬ ಅಕ್ಷರಕ್ಕೆ ಸಾಲುಗಳ ಲೆಕ್ಕ ಹಾಕಬಹುದು. ಒಂದು ಚುಕ್ಕಿಯ ದಪ್ಪದ ಗೆರೆಯಿಂದ ಒಳಗೆ ಬಿಳಿ ಕಾಣುವಂತೆ ಬಳೆ ಬರೆಯಲು ಕನಿಷ್ಠ ಮೂರು ಸಾಲು ಬೇಕು. ಒತ್ತಿನ ಧಕಾರದ ಸೀಳು ಕಾಣಬೇಕಾದರೆ ಇನ್ನೊಂದು ಸಾಲು. ಒತ್ತಿಗೆ ಹೀಗೆ ನಾಲ್ಕು. ಒತ್ತು ಮೇಲಿನ ಅಕ್ಷರಕ್ಕೆ ತಗುಲದಂತೆ ನಡುವೆ ಬಿಳಿಸಾಲು ಒಂದು. ದಕಾರದ ಒಡಲಿಗೆ ಆರು. ಒಡಲಿಗೂ ತಲೆಕಟ್ಟಿಗೂ ನಡುವಿನ ತೆರಪಿಗೆ ಒಂದು, ತಲೆಕಟ್ಟಿಗೆ ಎರಡು. ಒಟ್ಟು ಹದಿನಾಲ್ಕು. ಮೇಲಿನ ಪಂಕ್ತಿಯ ಒತ್ತಿಗೂ ಕೆಳಗಿನ ಪಂಕ್ತಿಯ ತಲೆಕಟ್ಟಿಗೂ ನಡುವೆ ಒಂದು ಸಾಲನ್ನಾದರೂ ಬಿಡಬೇಕಾದುದರಿಂದ ಹದಿನೈದು. ಹದಿನಾರರಲ್ಲಿ ಉಳಿಯುವುದು ಒಂದೇ ಸಾಲು. ದಪ್ಪ ಸಣ್ಣಗಳ ವ್ಯತ್ಯಾಸಕ್ಕಾಗಲಿ ಗುಂಡಗಿನ ಸೊಬಗಿಗಾಗಲಿ ಅಲ್ಲಿ ಎಡೆಯಿಲ್ಲ.

ಈ ಇಕ್ಕಟ್ಟಿನಲ್ಲಿ ವಿನ್ಯಾಸಕಾರನು ಮೊದಲು ತ್ಯಜಿಸುವುದು ಏನನ್ನು? ಕಣ್ಣಿಗೆ ಅತ್ಯಂತ ಸಣ್ಣದಾಗಿ ತೋರುವುದನ್ನು, ಅಂದರೆ ಸೀಳನ್ನು. ಆದರೆ ಕನ್ನಡ ಲಿಪಿಯಲ್ಲಿ ಅತ್ಯಂತ ಸಣ್ಣ ಅಂಗವೇ ಅತ್ಯಂತ ಹೆಚ್ಚಿನ ಅರ್ಥಭಾರವನ್ನು ಹೊತ್ತಿದೆ. ಪ್ರಾಕೃತದಲ್ಲಿ ಸದ್ದಾ ಎಂದರೆ ಶಬ್ದಗಳು. ಸದ್ಧಾ ಎಂದರೆ ಶ್ರದ್ಧೆ. ಕನ್ನಡ ಲಿಪಿಯಲ್ಲಿ ಬರೆದಾಗ ಇವೆರಡರ ಭೇದ ಒತ್ತಿನ ಸೀಳೊಂದರಲ್ಲಿಯೇ ನಿಂತಿದೆ. ಅರ್ಥ ಮತ್ತು ಅರ್ಧ ಎಂಬ ಪದಗಳ ಭೇದ ಥಕಾರದ ಒಡಲೊಳಗಿನ ಒಂದು ಚುಕ್ಕಿಯಲ್ಲಿದೆ. ರಕಾರವನ್ನು ಠಕಾರದಿಂದ ಬೇರ್ಪಡಿಸುವುದೂ ಅಂತಹದೇ ಚುಕ್ಕಿ. ೨೫೬ ಮನೆಗಳಲ್ಲಿ ಒಂದು ಮನೆ ಬೆಳ್ಳಗಾದರೆ ಪದವೇ ಬದಲಾಗುತ್ತದೆ.

೩

ಹಸ್ತಪ್ರತಿಗಳ ಸಂಪಾದಕನಿಗೆ ಈ ವಿಚಾರ ಇತರರಿಗಿಂತ ಹೆಚ್ಚು ತೀಕ್ಷ್ಣವಾದುದು. ಹಳೆಯ ಓಲೆಗಳಲ್ಲಿ ಎ ಏ, ಒ ಓ ಎಂಬ ಹ್ರಸ್ವದೀರ್ಘಗಳನ್ನು ಬೇರೆಬೇರೆಯಾಗಿ ತೋರಿಸದಿರುವುದು ಸಾಮಾನ್ಯ. ಮಹಾಪ್ರಾಣದ ಸೀಳನ್ನು ಲಿಪಿಕಾರರು ಬಿಟ್ಟಿರುವುದೂ ಉಂಟು. ಸಂಪಾದಕನು ಇಂತಹ ಲೋಪಗಳನ್ನು ಎಣಿಸಿ, ಅವುಗಳಲ್ಲಿ ಕ್ರಮವಿದೆಯೇ ಎಂದು ನೋಡಿ, ಅದರಿಂದ ಪ್ರತಿಯ ಕಾಲ, ಪ್ರದೇಶ, ಲಿಪಿಕಾರನ ಅಭ್ಯಾಸ, ಪ್ರತಿಗಳ ಪರಸ್ಪರ ಸಂಬಂಧಗಳನ್ನು ಊಹಿಸುತ್ತಾನೆ. ಸೀಳು ಇಲ್ಲದಿರುವುದು ಕೂಡ ಅವನಿಗೆ ಒಂದು ಆಧಾರ.

ಓಲೆಯಿಂದ ಎತ್ತಿಕೊಂಡ ಪಾಠವನ್ನು ಪರದೆಯ ಮೇಲೆ ಮೂಲದೊಡನೆ ತಾಳೆನೋಡುವಾಗ ಒಂದು ದಕಾರ ಸೀಳಿಲ್ಲದೆ ಕಂಡಿತೆನ್ನೋಣ. ಆ ಲೋಪ ಲಿಪಿಕಾರನದೋ, ಪ್ರತಿಮಾಡಿದವನದೋ, ಫಾಂಟಿನದೋ? ಮೊದಲನೆಯದಾದರೆ ಅದನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ದಾಖಲಿಸಬೇಕು, ಎರಡನೆಯದಾದರೆ ತಿದ್ದಬೇಕು, ಮೂರನೆಯದಾದರೆ ತಿದ್ದಲೇಕೂಡದು, ಏಕೆಂದರೆ ಸಂಕೇತದಲ್ಲಿ ಧಕಾರವೇ ಇದೆ. ಈ ಮೂರನ್ನು ಬೇರ್ಪಡಿಸಲು ಅವಕಾಶ ಕೊಡದ ಫಾಂಟು ಎಷ್ಟು ಸುಂದರವಾಗಿದ್ದರೂ ಸಂಪಾದನೆಯ ಕೆಲಸಕ್ಕೆ ಅನರ್ಹ.

ಈ ದೃಷ್ಟಿಯಿಂದ ನೋಡಿದಾಗ ಯೂನಿಫಾಂಟಿನ ವಿಷಯದಲ್ಲಿ ಅನಿರೀಕ್ಷಿತವಾದ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಯೂನಿಕೋಡಿನಲ್ಲಿ ಒತ್ತುಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ೧೯೮೮ರ ಇಸ್ಕಿ ಸಂಕೇತಾವಳಿಯನ್ನು ಅನುಸರಿಸಿ, ವ್ಯಂಜನ, ಹಲಂತಚಿಹ್ನೆ, ಮತ್ತೆ ವ್ಯಂಜನ ಎಂಬ ಕ್ರಮದಲ್ಲಿ ಸಂಯುಕ್ತಾಕ್ಷರವನ್ನು ಅಲ್ಲಿ ದಾಖಲಿಸಲಾಗುತ್ತದೆ. ಸಂಕೇತಕ್ಕೊಂದೇ ಆಕೃತಿ ಇರುವ ಫಾಂಟಿನಲ್ಲಿ ಒತ್ತಿನ ಚಿತ್ರವೇ ಇಲ್ಲದ ಕಾರಣ ದಕಾರ, ಹಲಂತಚಿಹ್ನೆ, ಧಕಾರಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಅಕ್ಷರ ಒಡೆಯಿತು, ನಿಜ. ಕನ್ನಡ ಬಲ್ಲ ಯಾರ ಕಣ್ಣಿಗೂ ಅದು ಒಪ್ಪುವಂತಹುದಲ್ಲ. ಆದರೆ ಒತ್ತಾಗಿ ಕುಗ್ಗಬೇಕಾಗಿದ್ದ ಧಕಾರವು ಇಲ್ಲಿ ಪೂರ್ಣಪ್ರಮಾಣದಲ್ಲಿಯೇ ನಿಂತಿರುವುದರಿಂದ ಅದರ ಸೀಳು ಉಳಿಯಲು ಅವಕಾಶವಿದೆ. ರೂಪ ಕೆಟ್ಟರೂ ಸಾಕ್ಷಿ ಕೆಡಲಿಲ್ಲ.

ಇದಕ್ಕೆ ಪ್ರತಿಯಾಗಿ, ಒತ್ತನ್ನು ಸರಿಯಾದ ಸ್ಥಾನದಲ್ಲಿಯೇ ಇಟ್ಟು, ಅದನ್ನು ಮೂರು ಸಾಲಿಗೆ ಕುಗ್ಗಿಸಿ ಸೀಳನ್ನು ಮುಚ್ಚಿಹಾಕುವ ವಿನ್ಯಾಸ ಓದುಗನಿಗೆ ಹಿತವೆನಿಸುತ್ತದೆ. ಅದರ ದೋಷ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಒಡೆದ ಅಕ್ಷರವನ್ನು ಕಂಡ ಸಂಪಾದಕನು ಎಚ್ಚರಗೊಳ್ಳುತ್ತಾನೆ. ಸೀಳು ಮುಚ್ಚಿದ ಅಕ್ಷರವನ್ನು ಕಂಡವನು ನಂಬುತ್ತಾನೆ. ಎರಡು ದೋಷಗಳಲ್ಲಿ ನಂಬಿಸುವ ದೋಷವೇ ದೊಡ್ಡದು.

೪

ಹಾಗೆಂದು ಒಡೆದ ಅಕ್ಷರದಿಂದಲೇ ತೃಪ್ತರಾಗಬೇಕೆಂದಿಲ್ಲ. ಕೊರತೆ ಮೂಲತಃ ಚೌಕದ ಅಳತೆಯಲ್ಲಿದೆ. ಎಂಟು ಮನೆಯ ಕಿರಿದು, ಹದಿನಾರು ಮನೆಯ ಹಿರಿದು ಎಂಬ ವಿಭಾಗ ರೋಮನ್ ಅಕ್ಷರಕ್ಕೂ ಚೀನೀ ಅಕ್ಷರಕ್ಕೂ ಒಪ್ಪುವಂತಹುದು. ಇವೆರಡೂ ಒಂದೇ ಪಂಕ್ತಿಯ ಎತ್ತರದೊಳಗೆ ಅಡಗುತ್ತವೆ. ಕನ್ನಡದ ಅಕ್ಷರ ತಲೆ, ಒಡಲು, ಒತ್ತು ಎಂಬ ಮೂರು ನೆಲೆಗಳದ್ದು. ಓಲೆಯ ಲಿಪಿಕಾರನು ಇದನ್ನು ಬಲ್ಲವನಾಗಿದ್ದನು. ಅವನ ಒತ್ತುಗಳು ಎರಡು ಪಂಕ್ತಿಗಳ ನಡುವಿನ ತೆರಪಿಗೆ ಇಳಿಯುತ್ತಿದ್ದವು. ದಾರದ ರಂಧ್ರ ಬಂದಲ್ಲಿ ಬರೆಹವು ಎಡೆಬಿಟ್ಟು ಮುಂದೆ ಸಾಗುತ್ತಿತ್ತು. ಓಲೆಯ ಅಳತೆ ಅವನಿಗೂ ನಿಶ್ಚಿತವಾಗಿಯೇ ಇದ್ದಿತು. ಅದರೊಳಗಿನ ಹಂಚಿಕೆ ಮಾತ್ರ ಅವನ ವಿವೇಕಕ್ಕೆ ಸೇರಿತ್ತು.

ಎತ್ತರವನ್ನು ೨೪ ಸಾಲಿಗೆ ಏರಿಸಿದರೆ ಒತ್ತಿಗೆ ಏಳು ಸಾಲುಗಳನ್ನು ಕೊಟ್ಟೂ ಒಡಲಿಗೆ ಒಂಬತ್ತು ಉಳಿಸಬಹುದು. ಆಗ ಸೀಳು, ಚುಕ್ಕಿ, ಷಕಾರದ ಒಳಗೀಟುಗಳೆಲ್ಲ ಸ್ಪಷ್ಟವಾಗುತ್ತವೆ. ಪ್ರತಿಯೊಂದು ಸಂಯುಕ್ತಾಕ್ಷರವನ್ನೂ ಬಿಡಿಯಾಗಿ ಚಿತ್ರಿಸುವುದು ಅಸಾಧ್ಯವೆಂಬ ಆಕ್ಷೇಪ ಇಲ್ಲಿ ಬರಬಹುದು. ೩೪ ವ್ಯಂಜನಗಳ ಇಬ್ಬಗೆಯ ಸಂಯೋಗಗಳೇ ೧೧೫೬; ಸ್ವರಚಿಹ್ನೆಗಳು ಸೇರಿದರೆ ಅದರ ಹತ್ತು ಮಡಿಗೂ ಹೆಚ್ಚು. ಆದರೆ ಅಂಗಗಳನ್ನು ಚಿತ್ರಿಸಿದರೆ ಸಾಕು. ಱ, ೞಗಳನ್ನು ಸೇರಿಸಿ ೩೬ ವ್ಯಂಜನಗಳಿಗೆ ತಲೆಕಟ್ಟುಳ್ಳ ರೂಪ, ತಲೆಕಟ್ಟಿಲ್ಲದ ರೂಪ, ಗುಡಿಸು ಸೇರಿದ ರೂಪ, ಒತ್ತಿನ ರೂಪ ಎಂದು ನಾಲ್ಕರಂತೆ ಎಣಿಸಿದರೆ ೧೪೪ ಚಿತ್ರಗಳು. ಉಳಿದ ಸ್ವರಚಿಹ್ನೆಗಳನ್ನೂ ಕೂಡಿಸಿದರೆ ಇನ್ನು ಕೆಲವು. ಶ್ರದ್ಧೆಯುಳ್ಳ ಒಬ್ಬನೇ ವ್ಯಕ್ತಿಯಿಂದ ಆಗಬಹುದಾದ ಕೆಲಸವಿದು.

ಕ್ರಮವೂ ಮುಖ್ಯ. ಗೆರೆ ಎಳೆಯುವುದಕ್ಕೆ ಮೊದಲು ಭೇದಪಟ್ಟಿಯೊಂದು ಸಿದ್ಧವಾಗಬೇಕು: ದ ಧ, ಥ ಧ, ಡ ಢ, ಪ ಫ, ಪ ಷ, ಬ ಭ, ರ ಠ. ಇವು ಅಕ್ಷರವಾಗಿಯೂ ಒತ್ತಾಗಿಯೂ ಬೇರೆಬೇರೆಯಾಗಿ ಕಂಡ ಮೇಲೆ ಉಳಿದ ಚುಕ್ಕಿಗಳನ್ನು ಸೊಬಗಿಗೆ ವಿನಿಯೋಗಿಸಬಹುದು. ತಲೆಕಟ್ಟಿನ ಉದ್ದದಲ್ಲಿ ಒಂದು ಚುಕ್ಕಿ ಕಡಿಮೆಯಾದರೆ ಪಾಠಕ್ಕೆ ನಷ್ಟವಿಲ್ಲ. ಸೀಳಿನಲ್ಲಿ ಕಡಿಮೆಯಾದರೆ ನಷ್ಟ.

೫

ಆಕೃತಿಗೆ ಇಷ್ಟು ಮಹತ್ವವೇಕೆಂಬುದಕ್ಕೆ ೞಕಾರದ ಉದಾಹರಣೆ ಸಾಕು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿವೇಚಿಸಿದ್ದಾನೆ. ಆ ರಳವೇ ಈ ೞ. ಯೂನಿಕೋಡಿನಲ್ಲಿ ಇದಕ್ಕೆ ಸ್ಥಾನ ದೊರೆತರೂ ಹೆಸರಿನಲ್ಲಿ ಪ್ರಮಾದ ಸಂಭವಿಸಿ, ಇಂಗ್ಲಿಷಿನ ಎಫ್ ಧ್ವನಿಯನ್ನು ಸೂಚಿಸುವ ‘ಫ’ ಎಂಬ ಹೆಸರು ಅಂಟಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ಇಂದಿಗೂ ಆ ಹೆಸರು ಪಟ್ಟಿಯಲ್ಲಿದೆ. ಸರಿಯಾದ ಹೆಸರನ್ನು ಅಧಿಕೃತ ತಿದ್ದುಪಡಿಯಾಗಿ ಪಕ್ಕದಲ್ಲಿ ನಮೂದಿಸಲಾಗಿದೆ. ಹೆಸರು ತಪ್ಪಿದರೂ ಕೋಷ್ಟಕದಲ್ಲಿ ಮುದ್ರಿತವಾದ ಆಕೃತಿ ೞಕಾರದ್ದೇ ಆಗಿತ್ತು. ಅದನ್ನು ನೋಡಿದ ಹಳಗನ್ನಡದ ಓದುಗನಿಗೆ ಸಂದೇಹಕ್ಕೆ ಕಾರಣವಿರಲಿಲ್ಲ. ಲಾಂಛನವೆಲ್ಲ ಕೆಟ್ಟಾಗಲೂ ಆಕೃತಿಯೊಂದು ಸರಿಯಾಗಿದ್ದರೆ ಅಕ್ಷರ ಬದುಕುತ್ತದೆಂಬುದಕ್ಕೆ ಇದು ನಿದರ್ಶನ.

ಸಂಕೇತಾವಳಿಗೆ ಹಸ್ತಪ್ರತಿ ಶಾಸನಗಳಿಗೆ ಬೇಕಾದ ಚಿಹ್ನೆಗಳು ಒಂದೊಂದಾಗಿ ಸೇರುತ್ತಿವೆ. ಸಿದ್ಧಂ ಚಿಹ್ನೆ ೨೦೧೮ರಲ್ಲಿಯೂ ನಕಾರಪೊಲ್ಲು ೨೦೨೧ರಲ್ಲಿಯೂ ಸ್ಥಾನ ಪಡೆದವು. ಸ್ಥಾನ ದೊರೆತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿಯೊಂದಕ್ಕೂ ಚುಕ್ಕಿಗಳ ಚೌಕದಲ್ಲಿ ನೆರೆಯ ಅಕ್ಷರದಿಂದ ಬೇರೆಯಾಗಿ ಕಾಣುವ ಒಡಲು ದೊರೆಯಬೇಕು. ವಕ್ರರೇಖೆಗಳಿಂದ ರಚಿತವಾದ ಫಾಂಟುಗಳು ಬಳಕೆಗೆ ಬಂದಿರುವುದರಿಂದ ಈ ಚರ್ಚೆ ಅಪ್ರಕೃತವೆಂದು ಭಾವಿಸಲಾಗದು. ಪರದೆಯನ್ನು ತಲುಪಿದಾಗ ಅವೂ ಚುಕ್ಕಿಗಳೇ ಆಗುತ್ತವೆ; ಗಾತ್ರ ಕಿರಿದಾದಷ್ಟೂ ಅದೇ ಇಕ್ಕಟ್ಟು ಮರಳುತ್ತದೆ.

ಗ್ನೂ ಯೂನಿಫಾಂಟು ಕನ್ನಡ ಓದಲು ಯೋಗ್ಯವಾದ ಫಾಂಟಲ್ಲ. ಹಾಗೆಂದು ಅದು ಹೇಳಿಕೊಂಡೂ ಇಲ್ಲ. ಆದರೂ ತನ್ನ ಮಿತಿಯನ್ನು ಮುಚ್ಚಿಡದೆ ಅಕ್ಷರವನ್ನು ಒಡೆದೇ ತೋರಿಸುವ ಅದರ ಪ್ರಾಮಾಣಿಕತೆಯಿಂದ, ಮುಂದೆ ಕನ್ನಡಕ್ಕೆ ಸಣ್ಣ ಗಾತ್ರದ ಅಕ್ಷರಗಳನ್ನು ರಚಿಸುವವರು ಕಲಿಯಬೇಕಾದುದುಂಟು. ಅವರು ಅಕ್ಷರವನ್ನು ಕೂಡಿಸಬೇಕು. ಕೂಡಿಸುವ ಭರದಲ್ಲಿ ಸೀಳನ್ನು ಮುಚ್ಚಬಾರದು. ಸೀಳು ಮುಚ್ಚಿದ ಪರದೆಯ ಮೇಲೆ ಸದ್ಧಾ ಎಂಬುದು ಸದ್ದಾ ಆಗಿ, ಶ್ರದ್ಧೆ ಇದ್ದೆಡೆಯಲ್ಲಿ ಶಬ್ದ ಮಾತ್ರ ಉಳಿಯುತ್ತದೆ.