ಒಂದೇ ಸುಳ್ಳಿಗೆ ಟಿಕೆಟ್ಟು

ನಮ್ಮ ಸೋದರಮಾವನ ಮನೆ ಬೆಳಕವಾಡಿಯಲ್ಲಿ. ಮಾವ ಹರೆಯದಲ್ಲಿ ಟೂರಿಂಗ್ ಟಾಕೀಸಿನ ಆಪರೇಟರಾಗಿದ್ದವರು. ಡೇರೆಯ ಹಿಂದೆ ಊರೂರು ತಿರುಗಿದವರು. ಇದ್ದದ್ದು ಒಂದೇ ಪ್ರೊಜೆಕ್ಟರು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡಬೇಕು, ರೀಲು ಮುಗಿದಾಗಲೆಲ್ಲ ಆಟ ನಿಲ್ಲಿಸಬೇಕು. ಹೊಸ ರೀಲು ಏರಿಸುವ ಆ ಎರಡು ನಿಮಿಷದಲ್ಲಿ ನೆಲದ ಜನ ಕೂತೇ ಇರುತ್ತಾರೋ, ಎದ್ದು ಹೋಗುತ್ತಾರೋ ಎಂದು ಕಿಂಡಿಯಲ್ಲಿ ನೋಡಿ ನೋಡಿ ಅವರಿಗೊಂದು ಲೆಕ್ಕ ಸಿಕ್ಕಿತ್ತು. ‘ಒಂದ್ ಸುಳ್ಳ ಜನ ಒಪ್ಕತಾರೆ ಕಣ್ಲಾ. ಎರಡ್ನೇದ್ ಹೇಳುದ್ರೆ ಬೀಡಿ ಹಚ್ಕಂಡು ಆಚ್ಗೋಯ್ತಾರೆ’ ಅನ್ನುತ್ತಿದ್ದರು.

ಸಾಹಸ ಚಿತ್ರಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಇಷ್ಟು ವರ್ಷ ಈ ಜಾತಿಯ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡಿದ್ದೇನೆ, ಎಲ್ಲವನ್ನೂ ತೂಗಿದ್ದು ಈ ತಕ್ಕಡಿಯಲ್ಲೇ. ಈ ವಾರ ತಕ್ಕಡಿಗೆ ಹಾಕಿರುವುದು 2001ರ ‘ಟರ್ಬುಲೆನ್ಸ್ 3: ಹೆವಿ ಮೆಟಲ್’. ಚಿತ್ರಮಂದಿರದ ಮುಖ ನೋಡದೆ ನೇರವಾಗಿ ವಿಡಿಯೊ ಅಂಗಡಿಗೆ ಬಂದ ಚಿತ್ರ. ನಾನು ಮೊದಲು ನೋಡಿದ್ದು ಬೆಳಕವಾಡಿಯಲ್ಲೇ, ಮಳವಳ್ಳಿಯಿಂದ ತಂದ ಬಾಡಿಗೆ ಸೀಡಿಯಲ್ಲಿ, ಮಾವನ ಪಕ್ಕದಲ್ಲಿ ಕೂತು.

ಕತೆ ಕೇಳಿ. ಸ್ಲೇಡ್ ಕ್ರೇವನ್ ಎಂಬ ರಾಕ್ ಗಾಯಕ. ಮುಖಕ್ಕೆ ಬಿಳಿ ಬಣ್ಣ, ಕಣ್ಣಿಗೆ ಕಪ್ಪು, ಹೆತ್ತವರು ನೋಡಿದರೆ ಬೆಚ್ಚುವ ವೇಷ. ಅವನ ಕೊನೆಯ ಕಛೇರಿ ನಡೆಯುವುದು ನೆಲದ ಮೇಲಲ್ಲ, ಲಾಸ್ ಏಂಜಲೀಸಿನಿಂದ ಟೊರಾಂಟೊಗೆ ಹಾರುವ ಬೋಯಿಂಗ್ 747ರ ಒಳಗೆ. ಆಯ್ದ ಸುಮಾರು 40 ಅಭಿಮಾನಿಗಳು ಒಳಗಿದ್ದಾರೆ, ಉಳಿದ ಲೋಕ ಅಂತರ್ಜಾಲದಲ್ಲಿ ನೇರ ಪ್ರಸಾರ ನೋಡುತ್ತಿದೆ. ನಡುವೆ ಅದೇ ವೇಷ ತೊಟ್ಟ ಇನ್ನೊಬ್ಬ ಬಂದು ಅಸಲಿ ಗಾಯಕನನ್ನು ಕಟ್ಟಿಹಾಕಿ, ತಾನೇ ಕ್ರೇವನ್ ಎಂದು ಕ್ಯಾಮೆರಾ ಮುಂದೆ ನಿಂತು ವಿಮಾನವನ್ನು ವಶಮಾಡಿಕೊಳ್ಳುತ್ತಾನೆ. ಪೊಲೀಸರಿಗೆ ಗಾಯಕನೇ ಅಪಹರಣಕಾರ. ಹಾಗಲ್ಲ ಎಂದು ಗೊತ್ತಿರುವುದು ನೆಲದ ಮೇಲೆ ಕಂಪ್ಯೂಟರಿನ ಮುಂದೆ ಕೂತ ಒಬ್ಬ ಕಳ್ಳ ಹ್ಯಾಕರನಿಗೆ ಮಾತ್ರ. ಅವನನ್ನು ಹಿಡಿಯಲು ಬಂದ ಎಫ್‌ಬಿಐ ಅಧಿಕಾರಿ ಅವನ ಮಾತನ್ನೇ ನಂಬಬೇಕಾಗುತ್ತದೆ. ಕೊನೆಗೆ ಆ ಹ್ಯಾಕರ್ ಹೇಳಿಕೊಟ್ಟಂತೆ ರಾಕ್ ಗಾಯಕ ತಾನೇ ವಿಮಾನ ಇಳಿಸುತ್ತಾನೆ.

ಮೊದಮೊದಲು ಮಾವನ ಬಾಯಲ್ಲಿ ಬೀಡಿ ಹೊತ್ತಲಿಲ್ಲ. ವಿಮಾನದಲ್ಲಿ ಕಛೇರಿ ಎಂಬ ಮೊದಲ ಸುಳ್ಳನ್ನು ಅವರು ತಕ್ಷಣ ಒಪ್ಪಿದರು. ಅದು ಸುಳ್ಳಾಗಿ ಉಳಿದದ್ದೂ ಕೆಲವೇ ವರ್ಷ. 2007ರ ಫೆಬ್ರುವರಿಯಲ್ಲಿ ಜಮಿರೊಕ್ವಾಯ್ ಎಂಬ ಬ್ರಿಟಿಷ್ ತಂಡ ಮ್ಯೂನಿಕ್‌ನಿಂದ ಅಥೆನ್ಸಿಗೆ ಹಾರುತ್ತಿದ್ದ ವಿಮಾನದಲ್ಲಿ ನಿಜವಾಗಿಯೂ ಹಾಡಿತು. ಅಲ್ಲದೆ ಹಾಡುಗಾರನ ಸುತ್ತ ಜನ ಒತ್ತಿಕೊಂಡು ಕೂರುವುದು ಬೆಳಕವಾಡಿಗೆ ಹೊಸದೇನಲ್ಲ. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ಶ್ರೀನಿವಾಸ ಅಯ್ಯಂಗಾರ್ ತಮ್ಮ ಹೆಸರಿನ ಮುಂದೆ ಈ ಊರಿನ ಹೆಸರನ್ನೇ ಹೊತ್ತವರು. ಊರು ಚಿಕ್ಕದಿರಬಹುದು, ಸಂಗೀತ ಬಲ್ಲವರ ಬಾಯಲ್ಲಿ ಬೆಳಕವಾಡಿ ಎಂಬ ಹೆಸರು ಇನ್ನೂ ಇದೆ.

ಈ ಚಿತ್ರದಲ್ಲಿ ಮೂರು ಎಳೆಗಳಿವೆ: ಹಾಡು, ಜೋಡಿ ವೇಷ, ತಪ್ಪಿಸಿಕೊಳ್ಳಲಾಗದ ಮುಚ್ಚಿದ ಜಾಗ. ಮೂರನ್ನೂ ನಮ್ಮವರು ಬೇರೆ ಬೇರೆಯಾಗಿ ಮಾಡಿದ್ದಾರೆ, ಹಾಲಿವುಡ್ಡಿನ ಈ ಮೂರನೇ ದರ್ಜೆಯ ಚಿತ್ರಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿದ್ದಾರೆ.

ಹಾಡಿನ ಮಾತು ಬಂದರೆ ನಾನು ನೆನೆಯುವುದು ದೊರೆ–ಭಗವಾನ್ ನಿರ್ದೇಶಕ ಜೋಡಿಯನ್ನು. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಮೊದಲ ಸಲ ಗೂಢಚಾರ ಸಿಐಡಿ 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಅದಕ್ಕಾಗಿ ತಂಡ ನೇಪಾಳಕ್ಕೆ ಹೋಯಿತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದರು. ಪಾಶ್ಚಾತ್ಯ ಧಾಟಿ, ಗಿಟಾರು, ಸೂಟು ಬೂಟು. ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಪೌರಾಣಿಕ ವೇಷ ಹಾಕಿ ಪಳಗಿದ ಕಂಠ ಅದನ್ನು ಹಾಡುವಾಗ ಒಂದು ಅಕ್ಷರಕ್ಕೂ ಹಿಂಜರಿಯುವುದಿಲ್ಲ. ಸಾಹಸ ಚಿತ್ರದ ಗುಟ್ಟು ಇರುವುದು ಆ ಹಿಂಜರಿಯದ ಕಂಠದಲ್ಲಿ. ನಟ ತನ್ನ ಚಿತ್ರವನ್ನು ತಾನೇ ನಂಬದಿದ್ದರೆ ನೋಡುವವನು ನಂಬುವುದು ಹೇಗೆ?

ಜೋಡಿ ವೇಷಕ್ಕೆ ನಮ್ಮ ಮಂಡ್ಯ ಜಿಲ್ಲೆಯವರ ಉದಾಹರಣೆಯೇ ಸಾಕು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್, 1981ರ ‘ಅಂತ’. ಎಚ್.ಕೆ. ಅನಂತರಾವ್ ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯನ್ನು ರಾಜೇಂದ್ರಸಿಂಗ್ ಬಾಬು ಚಿತ್ರ ಮಾಡಿದರು. ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ತನ್ನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್ ಆಗಿ ದುಷ್ಟರ ಕೂಟಕ್ಕೆ ನುಗ್ಗುತ್ತಾನೆ. ಒಬ್ಬನಂತೆ ಇನ್ನೊಬ್ಬ ಇರುತ್ತಾನೆ ಎಂಬುದೊಂದೇ ಅಲ್ಲಿರುವ ಸುಳ್ಳು. ಮಿಕ್ಕದ್ದೆಲ್ಲ ಮೈ ಸುಡುವ ನಿಜ. ಲಂಚ, ಅಧಿಕಾರ, ಚಿತ್ರಹಿಂಸೆ, ಯಾವುದನ್ನೂ ಮೆದು ಮಾಡಲಿಲ್ಲ. ಮಂಡ್ಯದ ಕಡೆ ಇವತ್ತಿಗೂ ಕನ್ವರ್‌ಲಾಲ್ ಎಂದರೆ ಸಾಕು, ಯಾವ ಚಿತ್ರ ಎಂದು ಯಾರೂ ಕೇಳುವುದಿಲ್ಲ.

ಇನ್ನು ಮುಚ್ಚಿದ ಜಾಗ. ಸುನೀಲ್ ಕುಮಾರ್ ದೇಸಾಯಿ ಅವರ 1993ರ ‘ನಿಷ್ಕರ್ಷ’ವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. 1989ರ ‘ತರ್ಕ’ದಲ್ಲಿ ಒಂದೂ ಹಾಡಿಲ್ಲದೆ ಜನರನ್ನು ಕುರ್ಚಿಯ ತುದಿಯಲ್ಲಿ ಕೂರಿಸಿದ ನಿರ್ದೇಶಕ ಅವರು. ‘ನಿಷ್ಕರ್ಷ’ದಲ್ಲಿ ದರೋಡೆಕೋರರು ಬ್ಯಾಂಕನ್ನು ಹೊಕ್ಕು ಒಳಗಿದ್ದವರನ್ನು ಒತ್ತೆಯಾಗಿಟ್ಟುಕೊಳ್ಳುತ್ತಾರೆ. ಕಮಾಂಡೊ ವಿಷ್ಣುವರ್ಧನ್ ಕಟ್ಟಡದೊಳಗೆ ಅವರನ್ನು ಎದುರಿಸಬೇಕು. ಚಿತ್ರವನ್ನು ನಿರ್ಮಿಸಿ ಖಳನಾಗಿಯೂ ನಟಿಸಿದ ಬಿ.ಸಿ. ಪಾಟೀಲ್ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಮೂಲ ಎಳೆ ‘ಡೈ ಹಾರ್ಡ್’ನದು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಕಟ್ಟಡದ ಮೆಟ್ಟಿಲು, ಬಾಗಿಲು, ಮೂಲೆ ಎಲ್ಲವೂ ನಮಗೆ ಪರಿಚಯವಾಗುವ ಹಾಗೆ ದೇಸಾಯಿ ತೋರಿಸುತ್ತಾರೆ. ಯಾರು ಎಲ್ಲಿದ್ದಾರೆ, ಯಾರ ಕಣ್ಣಿಗೆ ಯಾರು ಬೀಳಬಹುದು ಎಂದು ನೋಡುವವನಿಗೆ ಸದಾ ಗೊತ್ತಿರುತ್ತದೆ. ಚೌಕಾಬಾರ ಮನೆಯ ಗೆರೆ ಅಳಿಸಿ ಹೋದರೆ ಆಟವೇ ಇಲ್ಲ, ಹಾಗೆ.

‘ಟರ್ಬುಲೆನ್ಸ್ 3’ ಸೋಲುವುದು ಇಲ್ಲೇ. 747 ಎಂದರೆ ಎರಡಂತಸ್ತಿನ ವಿಮಾನ, ಚಾಲಕರ ಕೋಣೆ ಇರುವುದು ಮೇಲಿನ ಅಂತಸ್ತಿನಲ್ಲಿ. ಅಷ್ಟು ದೊಡ್ಡ ಹೊಟ್ಟೆಯ ಯಂತ್ರ ಕೈಯಲ್ಲಿದ್ದರೂ ನಿರ್ದೇಶಕ ಹೋರ್ಹೆ ಮೊಂಟೆಸಿ ಅದರ ನಕ್ಷೆಯನ್ನು ನಮ್ಮ ತಲೆಯಲ್ಲಿ ಕೂರಿಸುವುದಿಲ್ಲ. ಗಾಯಕ ಒಂದು ಬಾಗಿಲಿನಿಂದ ಹೋಗಿ ಇನ್ನೆಲ್ಲೋ ಬರುತ್ತಾನೆ. ಎಲ್ಲಿಂದ ಎಲ್ಲಿಗೆ ಬಂದ ಎಂಬ ಲೆಕ್ಕ ಕೊಡಬೇಕಾದವರು ಕೊಟ್ಟಿಲ್ಲ.

ಎರಡನೇ ಸುಳ್ಳು ಇನ್ನೂ ಭಾರ. ಅಪಹರಣಕಾರರಿಗೆ ಹಣ ಬೇಡ, ಬಂಧಿತರ ಬಿಡುಗಡೆ ಬೇಡ. ಅವರು ಸೈತಾನನ ಪೂಜಕರು. ಕಾನ್ಸಾಸಿನ ಒಂದು ಜಾಗದಲ್ಲಿ ನರಕದ ಬಾಗಿಲಿದೆ, ವಿಮಾನವನ್ನು ಅಲ್ಲಿಗೆ ಕೆಡವಿದರೆ ಅದು ತೆರೆಯುತ್ತದೆ ಎಂಬ ನಂಬಿಕೆ ಅವರದು. ‘ಬ್ಲೇಡ್ ರನ್ನರ್’ನ ರುಟ್ಗರ್ ಹೌಯರ್ ಇಲ್ಲಿ ಸಹ ಪೈಲಟ್, ಅವನೂ ಅದೇ ಕೂಟದವನು. ಅಷ್ಟು ದೊಡ್ಡ ನಟನ ಬಾಯಿಗೆ ಒಂದು ಗಟ್ಟಿ ಮಾತು ಬರೆದುಕೊಡಲು ಯಾರಿಗೂ ಆಗಲಿಲ್ಲವಲ್ಲ ಎಂಬ ಬೇಸರ ನನಗೆ ಇವತ್ತಿಗೂ ಇದೆ. ಇಷ್ಟು ಹೊತ್ತಿಗೆ ಮಾವ ಎದ್ದು ಜಗಲಿಗೆ ಹೋಗಿದ್ದರು.

ಆದರೂ ಈ ಎರಡನೇ ಸುಳ್ಳಿನ ಪರವಾಗಿ ಒಂದು ಮಾತು ಹೇಳಬೇಕು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ವಿಮಾನ ಅಪಹರಣವಾಗಿ ಅಮೃತಸರ, ಲಾಹೋರ್, ದುಬೈ ದಾಟಿ ಕಂದಹಾರದಲ್ಲಿ ನಿಂತಿತು. ಒತ್ತೆಯಾಳುಗಳು ಬಿಡುಗಡೆಯಾದದ್ದು ಡಿಸೆಂಬರ್ 31ಕ್ಕೆ. ಆ ವಾರ ಟಿ.ವಿ. ಮುಂದೆ ಕೂತವರು ಯಾರೂ ವಿಮಾನ ಅಪಹರಣವನ್ನು ಮೋಜಿಗೆ ನೋಡಲಾರರು. ಈ ಚಿತ್ರ ಬಂದ ವರ್ಷವೇ ಸೆಪ್ಟೆಂಬರ್ 11 ಕೂಡ ಬಂತು. ಅದಾದ ಮೇಲೆ ಚಾಲಕರ ಕೋಣೆಯ ಬಾಗಿಲುಗಳಿಗೆ ಉಕ್ಕಿನ ಬಲ ಬಂತು. ಈ ಚಿತ್ರದವರು ಹಾಗೆ ಸಲೀಸಾಗಿ ಒಳಗೆ ಹೊರಗೆ ಓಡಾಡುವುದನ್ನು ಇಂದು ನೋಡಿದರೆ ಬೇರೆ ಯುಗದ ಚಿತ್ರದಂತೆ ಕಾಣುತ್ತದೆ. ನಿಜವಾದ ನೋವಿನ ಹತ್ತಿರ ಹೋಗುವ ಯೋಗ್ಯತೆ ಇಲ್ಲದ ಚಿತ್ರ ಸೈತಾನನ ಕತೆ ಹೇಳಿಕೊಂಡು ದೂರ ನಿಂತದ್ದು ಒಳ್ಳೆಯದೇ ಆಯಿತು. ಯಾವ ದೇಶದವರನ್ನೂ ಯಾವ ಮತದವರನ್ನೂ ಅದು ಖಳರನ್ನಾಗಿ ಮಾಡಲಿಲ್ಲ. ಅದೇ ಕಾಲದ ಎಷ್ಟೋ ದೊಡ್ಡ ಬಜೆಟ್ಟಿನ ಚಿತ್ರಗಳಿಗೆ ಅಷ್ಟು ಸಂಯಮ ಇರಲಿಲ್ಲ.

ಚಿತ್ರವನ್ನು ನಾನು ಎರಡನೇ ಸಲ ನೋಡಿದ್ದು ಮಾತ್ರ ಬೇರೆ ಕಾರಣಕ್ಕೆ. ಕ್ರೇವನ್ ಮತ್ತು ಅವನ ವೇಷದ ಖಳ, ಎರಡೂ ಪಾತ್ರಗಳನ್ನು ಮಾಡಿರುವುದು ಜಾನ್ ಮಾನ್. ಆತ ಬರೀ ನಟನಲ್ಲ, ಕೆನಡಾದ ‘ಸ್ಪಿರಿಟ್ ಆಫ್ ದಿ ವೆಸ್ಟ್’ ಎಂಬ ತಂಡದ ಗಾಯಕ. ಜನಪದದ ಮಟ್ಟುಗಳನ್ನು ರಾಕ್‌ಗೆ ಹೊಂದಿಸಿಕೊಂಡ ಸೌಮ್ಯ ತಂಡ ಅದು. ಈ ಬಣ್ಣ, ಈ ಅಬ್ಬರ ಯಾವುದೂ ಆತನದಲ್ಲ. ಆದರೆ ಮೈಕಿನ ಮುಂದೆ ನಿಂತಾಗ ಕೈ ಎಲ್ಲಿರಬೇಕು, ಉಸಿರು ಎಲ್ಲಿ ತೆಗೆಯಬೇಕು ಎಂದು ಬಲ್ಲವನು. ಖಳನಾದಾಗ ಆ ಲಯ ಮೈಯಿಂದ ಹೊರಟುಹೋಗುತ್ತದೆ. ಬಣ್ಣ ಒಂದೇ, ವೇಷ ಒಂದೇ, ಆದರೂ ಇವನು ಹಾಡುವವನಲ್ಲ ಎಂದು ಗೊತ್ತಾಗುತ್ತದೆ. ಅಂಬರೀಶರ ಕನ್ವರ್‌ಲಾಲನಲ್ಲಿ ನಡಿಗೆ ಬದಲಾಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಕೊನೆಗೆ ಬಣ್ಣ ಕರಗಿದ ಮುಖದಲ್ಲಿ, ನಡುಗುವ ಕೈಯಲ್ಲಿ ಆತ ವಿಮಾನ ಇಳಿಸುವಾಗ ಚಿತ್ರ ಮೊದಲ ಸಲ ನಿಜ ಹೇಳುತ್ತದೆ. ನೆಲದ ಮೇಲಿರುವ ಒಬ್ಬ ಅಪರಿಚಿತನ ದನಿಯನ್ನು ನಂಬಿ, ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದ ಮನುಷ್ಯನ ಭಯ ಅದು. ಆ ಹೊತ್ತಿಗೆ ಮಾವ ಜಗಲಿಯಿಂದ ಒಳಗೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿ, ಮುಗಿಯುವ ತನಕ ನಿಂತೇ ನೋಡಿದರು.

ಆದ್ದರಿಂದ ನನ್ನ ತೀರ್ಪು: ಮೊದಲು ‘ನಿಷ್ಕರ್ಷ’ ನೋಡಿ, ಆಮೇಲೆ ‘ಅಂತ’. ಅವೆರಡೂ ಆದ ಮೇಲೆ ಬಿಡುವಿದ್ದರೆ ಮಾತ್ರ ‘ಟರ್ಬುಲೆನ್ಸ್ 3’. ನೋಡುವುದಾದರೆ ಸೈತಾನನನ್ನು ಬಿಟ್ಟು ಜಾನ್ ಮಾನ್‌ನನ್ನು ನೋಡಿ. ಚಿತ್ರದಲ್ಲಿ ಕೊನೆಯ ಕಛೇರಿ ಹಾಡಿದ ಈ ಗಾಯಕನಿಗೆ ಮುಂದೆ ಅಲ್ಜೈಮರ್ ಕಾಯಿಲೆ ಬಂತು. ಹಾಡಿನ ಸಾಲುಗಳು ಮರೆತುಹೋಗತೊಡಗಿದಾಗ ಎದುರಿಗೆ ಐಪ್ಯಾಡ್ ಇಟ್ಟುಕೊಂಡು ಓದಿ ಓದಿ ಹಾಡಿದರು. 2016ರಲ್ಲಿ ವ್ಯಾಂಕೂವರ್‌ನಲ್ಲಿ ತಂಡದ ನಿಜವಾದ ಕೊನೆಯ ಕಛೇರಿಗಳು ನಡೆದವು. 2019ರ ನವೆಂಬರಿನಲ್ಲಿ ಅವರು ತೀರಿಕೊಂಡರು.