ಕತ್ತಿ ಕೆಳಗಿಡಬೇಕಾದವರು ಯಾರು?

ಚೀನಾದ ಕತ್ತಿವರಸೆಯ ಸಿನಿಮಾಕ್ಕೂ ದಲಿತ ವಿಮರ್ಶೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ಚೀನಾದೊಳಗೆ ನಮ್ಮ ಜಾತಿಯನ್ನು ಹುಡುಕಲು ನಾನು ಹೊರಟಿಲ್ಲ. ಜಾಂಗ್ ಯಿಮೌ 2002ರಲ್ಲಿ ತೆಗೆದ ‘ಹೀರೋ’ ಚಿತ್ರವನ್ನು ನಮ್ಮ ಬಿ.ಎ. ಹುಡುಗರಿಗೆ ತೋರಿಸಿದ ದಿನ, ಹಿಂದಿನ ಬೆಂಚಿನವನೊಬ್ಬ ಕೇಳಿದ ಪ್ರಶ್ನೆಯನ್ನು ಬೆನ್ನುಹತ್ತಿದ್ದೇನೆ, ಅಷ್ಟೆ. ‘ಸಾರ್, ಅಷ್ಟ್ ಹತ್ರ ಹೋಗಿ ಯಾಕ್ ಸಾರ್ ಬಿಟ್‌ಬಿಟ್ಟ?’ ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿ.ಪೂ. ಮೂರನೆಯ ಶತಮಾನ. ಏಳು ರಾಜ್ಯಗಳು ಹೊಡೆದಾಡುತ್ತಿರುವ ಕಾಲ. ಚಿನ್ ರಾಜ್ಯದ ದೊರೆ ಉಳಿದ ಆರನ್ನೂ ನುಂಗಲು ಹೊರಟಿದ್ದಾನೆ. ಅವನನ್ನು ಕೊಲ್ಲಲು ಹೊಂಚಿದ್ದ ಮೂವರನ್ನು ಮುಗಿಸಿದೆನೆಂದು ಹೇಳಿಕೊಂಡು ಒಬ್ಬ ಸಣ್ಣ ಅಧಿಕಾರಿ ಅರಮನೆಗೆ ಬರುತ್ತಾನೆ. ಅವನ ಹೆಸರೇ ‘ಹೆಸರಿಲ್ಲದವ’. ಕೊಂದದ್ದಕ್ಕೆ ಬಹುಮಾನವೆಂದರೆ ದೊರೆಗೆ ಇನ್ನಷ್ಟು ಹತ್ತಿರ ಕೂರುವುದು; ಕೊನೆಗೆ ಉಳಿಯುವುದು ಹತ್ತೇ ಹೆಜ್ಜೆ. ಅಸಲಿಗೆ ಅವನೂ ಕೊಲ್ಲಲು ಬಂದವನೇ. ಜಾವ್ ನಾಡಿನ ಅವನ ಮನೆಯವರನ್ನು ಚಿನ್ ಸೈನಿಕರು ಕೊಂದಿದ್ದಾರೆ. ಹತ್ತು ಹೆಜ್ಜೆಯೊಳಗೆ ಗುರಿ ತಪ್ಪದ ಒಂದು ಇರಿತಕ್ಕಾಗಿ ಹತ್ತು ವರ್ಷ ಸವೆಸಿದ್ದಾನೆ. ಆದರೂ ಇರಿಯುವುದಿಲ್ಲ. ಯಾಕೆಂದರೆ ಮುರುಕುಕತ್ತಿ ಎಂಬ ವೀರ ಮರಳಿನ ಮೇಲೆ ಅವನಿಗೆ ಎರಡು ಅಕ್ಷರ ಬರೆದು ತೋರಿಸಿದ್ದಾನೆ: ತ್ಯಾನ್‌ಶಿಯಾ. ಅಂದರೆ ಆಕಾಶದ ಕೆಳಗಿನದೆಲ್ಲ. ಎಲ್ಲವೂ ಒಬ್ಬ ದೊರೆಯ ಕೆಳಗೆ ಬಂದರೆ ಯುದ್ಧ ನಿಲ್ಲುತ್ತದೆ. ಅದಕ್ಕಾಗಿ ನಿನ್ನ ನೋವನ್ನು ನುಂಗಿಕೋ ಎಂಬುದು ಅದರ ತಾತ್ಪರ್ಯ.

ಚಿತ್ರ ಚೆನ್ನಾಗಿಲ್ಲವೆಂದು ನಾನು ಹೇಳಲಾರೆ. ಒಂದೇ ಕಥೆಯನ್ನು ಕೆಂಪಿನಲ್ಲೊಮ್ಮೆ, ನೀಲಿಯಲ್ಲೊಮ್ಮೆ, ಬಿಳಿಯಲ್ಲೊಮ್ಮೆ ಹೇಳುವ ಅದರ ಪರಿ ಮರುಳುಮಾಡುತ್ತದೆ. ಅದರಲ್ಲೂ ಜಾವ್ ನಾಡಿನ ಬರವಣಿಗೆ ಶಾಲೆಯ ದೃಶ್ಯ. ಹೊರಗಿನಿಂದ ಚಿನ್ ಸೈನ್ಯದ ಬಾಣಗಳು ಮಳೆಯ ಹಾಗೆ ಸುರಿಯುತ್ತಿವೆ. ಶಿಷ್ಯರು ಚೆಲ್ಲಾಪಿಲ್ಲಿ. ಮುದುಕ ಗುರು ಮಾತ್ರ ಕೂತು ಬರೆಯುತ್ತಾನೆ. ನಾಡು ಹೋದರೂ ನಮ್ಮ ಅಕ್ಷರ ಹೋಗುವುದಿಲ್ಲ ಎನ್ನುತ್ತಾನೆ. ಓಡಿದ ಶಿಷ್ಯರು ವಾಪಸು ಬಂದು ಕೂರುತ್ತಾರೆ. ಕಾವ್ಯ ಖಡ್ಗವಾಗಬೇಕೆಂದು 1979ರಲ್ಲಿ ಬಂಡಾಯದವರು ಕೇಳಿದ್ದನ್ನು ಪಾಠವಾಗಿ ಓದಿಕೊಂಡ ನನ್ನಂಥವನಿಗೆ ಇಲ್ಲಿ ಮೈ ಜುಂ ಎಂದಿತು. ಕತ್ತಿಗೂ ಅಕ್ಷರಕ್ಕೂ ಒಂದೇ ಮೂಲ ಎಂದು ಈ ಚಿತ್ರವೂ ನಂಬುತ್ತದೆ.

ಆದರೆ ಆ ಅಕ್ಷರಕ್ಕೆ ಮುಂದೆ ಏನಾಗುತ್ತದೆ ನೋಡಿ. ‘ಕತ್ತಿ’ ಎಂಬ ಒಂದೇ ಪದವನ್ನು ಹತ್ತೊಂಬತ್ತು ರೀತಿ ಬರೆಯುತ್ತಾರಂತೆ. ಮುರುಕುಕತ್ತಿ ಇಪ್ಪತ್ತನೆಯ ರೀತಿಯಲ್ಲಿ ಬರೆದುಕೊಡುತ್ತಾನೆ. ದೊರೆಗೆ ಈ ಹತ್ತೊಂಬತ್ತೂ ತೊಡಕು, ಗೆದ್ದ ಮೇಲೆ ಅಳಿಸಿಹಾಕುವೆನೆನ್ನುತ್ತಾನೆ. ಅಂಥವನೇ ಕೊನೆಗೆ ಆ ಬರಹದ ಅರ್ಥ ಹೇಳುವ ಪಂಡಿತ! ಕೈಯಲ್ಲೂ ಕತ್ತಿ ಇಲ್ಲ, ಮನಸ್ಸಿನಲ್ಲೂ ಕತ್ತಿ ಇಲ್ಲ, ಅದೇ ಪರಮ ಸ್ಥಿತಿ ಎಂದು ಓದುತ್ತಾನೆ. ತನ್ನ ಕತ್ತಿಯನ್ನೇ ಹೆಸರಿಲ್ಲದವನ ಮುಂದೆ ಎಸೆದು ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಹೆಸರಿಲ್ಲದವ ಕೊಲ್ಲದೆ ಹೊರನಡೆಯುತ್ತಾನೆ. ಆಮೇಲೆ ಆಸ್ಥಾನಿಕರು ಒಕ್ಕೊರಲಿನಿಂದ ಕೇಳಿದ್ದಕ್ಕೆ ದೊರೆ ಕೈಸನ್ನೆ ಮಾಡುತ್ತಾನೆ, ಬಾಣಗಳು ಹಾರುತ್ತವೆ. ಶಾಂತಿಯ ಅರ್ಥ ಬಿಡಿಸಿದವನ ಸೈನ್ಯದ ಬತ್ತಳಿಕೆ ಖಾಲಿಯಾಗಿರಲಿಲ್ಲ. ಕತ್ತಿ ಬಿಟ್ಟವನು ಒಬ್ಬನೇ. ಅವನಿಗೆ ವೀರನ ಮರ್ಯಾದೆಯ ಶವಸಂಸ್ಕಾರ ಸಿಗುತ್ತದೆ, ಹೆಸರು ಸಿಗುವುದಿಲ್ಲ.

ಅಮೆರಿಕದಲ್ಲಿ 2004ರಲ್ಲಿ ಚಿತ್ರ ಬಂದಾಗ ತ್ಯಾನ್‌ಶಿಯಾ ಎಂಬುದನ್ನು ಉಪಶೀರ್ಷಿಕೆಯಲ್ಲಿ ‘ನಮ್ಮ ನಾಡು’ ಎಂಬರ್ಥ ಬರುವಂತೆ ಮಾಡಿದರು. ಈ ‘ನಮ್ಮ’ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿರುವ ಪದ. ನಾನು ಹೈಸ್ಕೂಲಿನಲ್ಲಿದ್ದಾಗ ಊರ ಹೋಟ್ಲಿನ ಬೇರೆ ಲೋಟದ ವಿಚಾರಕ್ಕೆ ಜಗಳವಾಗಿ, ಬೆಳಗ್ಗೆ ಸ್ಟೇಷನ್ನಿಗೆ ಹೋಗುವುದೆಂದು ಅಪ್ಪ ತೀರ್ಮಾನಿಸಿದ್ದ. ರಾತ್ರಿ ಊರಿನ ದೊಡ್ಡವರು ನಾಕು ಜನ ನಮ್ಮ ಕೇರಿಯ ತುದಿಗೆ ಬಂದು ನಿಂತರು. ‘ಆದದ್ದಾಯ್ತು, ಊರು ಒಡೀಬ್ಯಾಡ. ನಾವೆಲ್ಲ ಒಂದೇ ಅಲ್ವೇನ್ಲಾ?’ ಆ ‘ಲಾ’ದಲ್ಲೇ ಎಲ್ಲ ಇತ್ತು. ಅಪ್ಪ ಹೋಗಲಿಲ್ಲ. ಊರು ಒಡೆಯಲಿಲ್ಲ. ಲೋಟವೂ ಗೂಡಿನಿಂದ ಕದಲಲಿಲ್ಲ. ‘ನಿಮ್ಮಪ್ಪ ದೊಡ್ಡ ಮನುಷ್ಯ ಕಣಯ್ಯ’ ಎಂದು ಅದೇ ಜನ ಇವತ್ತೂ ನನಗೆ ಹೇಳುತ್ತಾರೆ.

ಆದ್ದರಿಂದ ಚಿತ್ರ ನಿಂತ ಕಡೆಯಿಂದ ಮುಂದಕ್ಕೆ ಹೋಗಿ ನೋಡಬೇಕೆನ್ನಿಸಿತು. ದೊರೆ ಲೋಕವನ್ನು ಒಂದುಮಾಡಿದ, ಮಹಾಗೋಡೆ ಕಟ್ಟಿಸಿದ ಎಂದು ತಿಳಿಸಿ ಚಿತ್ರ ಮುಗಿಯುತ್ತದೆ. ಇತಿಹಾಸಕಾರ ಸಿಮಾ ಚಿಯೆನ್ ಇನ್ನೂ ಬರೆದಿದ್ದಾನೆ. ಕ್ರಿ.ಪೂ. 221ರಲ್ಲಿ ಗೆದ್ದ ಮೇಲೆ ಆ ದೊರೆ ನಾಡಿನ ಆಯುಧಗಳನ್ನೆಲ್ಲ ರಾಜಧಾನಿ ಶಿಯಾನ್‌ಯಾಂಗಿಗೆ ತರಿಸಿ, ಕರಗಿಸಿ, ಗಂಟೆಗಳನ್ನೂ 12 ದೈತ್ಯ ಲೋಹಪುರುಷರನ್ನೂ ಎರಕ ಹೊಯ್ಯಿಸಿದ. 213ರಲ್ಲಿ ಪುಸ್ತಕ ಸುಡಿಸಿದ. ಕತ್ತಿ ಇಲ್ಲದ ಕೈ ಎಂದರೆ ಪರರ ಕೈ, ತನ್ನದಲ್ಲ. ಇಲ್ಲಿ ಅಂಬೇಡ್ಕರ್ ನೆನಪಾಗುತ್ತಾರೆ. ಯುರೋಪಿನ ದುರ್ಬಲರಿಗೆ ಸೈನ್ಯಸೇವೆ, ಮತದ ಹಕ್ಕು, ವಿದ್ಯೆ ಎಂಬ ಮೂರು ಆಯುಧಗಳಾದರೂ ದಕ್ಕಿದವು, ಚಾತುರ್ವರ್ಣ್ಯ ಅವನ್ನೂ ಕಸಿಯಿತು ಎಂಬುದು 1936ರ ‘ಜಾತಿ ವಿನಾಶ’ದಲ್ಲಿ ಅವರ ವಾದ. ಹಿಡಿಯಲು ಬಿಡದ ಆಯುಧವನ್ನು ತ್ಯಾಗಮಾಡು ಎಂದರೆ ಅದೆಂಥ ತ್ಯಾಗ?

ಕ್ರಿ.ಪೂ. 209ರಲ್ಲಿ ಗಡಿ ಕಾಯಲು ಹೊರಡಿಸಿದ್ದ 900 ಮಂದಿ ಬಡವರು ಮಳೆಗೆ ಸಿಕ್ಕಿ ದಾರಿಯಲ್ಲೇ ನಿಂತರು. ತಡವಾದರೆ ತಲೆದಂಡ. ಅವರಲ್ಲಿದ್ದ ಚೆನ್ ಶೆಂಗ್ ಹಿಂದೆ ಕೂಲಿಗೆ ಉಳುತ್ತಿದ್ದವನು. ದೊರೆಗಳೂ ಮಂತ್ರಿಗಳೂ ಬೇರೆ ಬೀಜದಿಂದ ಹುಟ್ಟಿದವರೇನು ಎಂದು ಅವನು ಕೇಳಿದನಂತೆ. ಕತ್ತಿ ಎಲ್ಲಿತ್ತು? ಮರ ಕಡಿದು ಆಯುಧ ಮಾಡಿಕೊಂಡರೆಂದು ಹೇಳುತ್ತಾರೆ. ಆರು ತಿಂಗಳಲ್ಲಿ ಅವನು ಸತ್ತ, ತನ್ನ ಸಾರಥಿಯ ಕೈಯಲ್ಲೇ. ಆದರೆ 206ರ ಹೊತ್ತಿಗೆ ಚಿನ್ ವಂಶವೂ ಇರಲಿಲ್ಲ. ಸಿಮಾ ಚಿಯೆನ್ ಈ ಕೂಲಿಯವನ ಚರಿತ್ರೆಯನ್ನು ಸೇರಿಸಿದ್ದು ರಾಜಮನೆತನಗಳ ಭಾಗದಲ್ಲಿ!

ಬೀಜದ ಪ್ರಶ್ನೆ ಎತ್ತಿದವನ ಹೆಸರು ಎರಡು ಸಾವಿರ ವರ್ಷ ಉಳಿದಿದೆ. ಸುಮ್ಮನಾದವನನ್ನು ‘ಹೀರೋ’ ಎಂದು ಕರೆಯಲು ಒಂದು ಸಿನಿಮಾ ಬೇಕಾಯಿತು. ಶಾಂತಿ ಬೇಡವೆಂದು ನಾನು ಹೇಳುತ್ತಿಲ್ಲ. ಶಾಂತಿಯ ಮಾತು ಬಂದಾಗಲೆಲ್ಲ ಮೊದಲು ಕೆಳಗಿಡಬೇಕಾದವರು ಯಾರು ಎಂದು ಕೇಳುವುದು ದಲಿತ ವಿಮರ್ಶೆಯ ಕೆಲಸ. ಹಿಂದಿನ ಬೆಂಚಿನ ಹುಡುಗನಿಗೆ ಅವತ್ತು ‘ಲೋಕಹಿತಕ್ಕಾಗಿ ಬಿಟ್ಟ ಕಣಪ್ಪ’ ಎಂದು ಮೇಷ್ಟ್ರ ಹಾಗೆ ಉತ್ತರ ಕೊಟ್ಟಿದ್ದೆ. ‘ಯಾವ್ ಲೋಕ ಸಾರ್?’ ಅಂದ. ಅಷ್ಟರಲ್ಲಿ ಬೆಲ್ಲು ಹೊಡೆಯಿತು.